ಆತ್ಮಾವಲೋಕನ ಪರಂಪರೆ: ಬಾಗಲಕೋಟೆ ಸೀಮೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಸೀಮೆಯಲ್ಲಿ ತನ್ನನ್ನು ತಾನು ಅರಿಯುವ ಸಾಧನೆ ಶರಣರ ಕಾಲದಿಂದ ಬೆಳೆದುಬಂದಿದೆ. 20ನೆಯ ಶತಮಾನದ ಅಸ್ತಿತ್ವವಾದಿ ಮನೋವಿಜ್ಞಾನಕ್ಕೂ ಇದಕ್ಕೂ ಚಾರಿತ್ರಿಕ ನಂಟಿಲ್ಲ. ಆದರೆ ಎರಡೂ ಎತ್ತುವ ಪ್ರಶ್ನೆಗಳು ಹತ್ತಿರದವು.

ಕೃಷ್ಣಾ, ಮಲಪ್ರಭಾ ಕೂಡುವ ಕೂಡಲಸಂಗಮ ಈ ಪರಂಪರೆಯ ಮೂಲ ನೆಲೆ. 12ನೆಯ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದ ಮನೆಯ ಆಚಾರ ತೊರೆದು ಇಲ್ಲಿಗೆ ಬಂದರೆಂದು ಅವರ ಚರಿತೆಗಳು ಹೇಳುತ್ತವೆ. ಇಲ್ಲಿನ ದೇವರೇ ಅವರ ವಚನಗಳ ಅಂಕಿತ. ಮನದ ಅಳುಕು, ಆಸೆ, ನುಡಿಗೂ ನಡೆಗೂ ನಡುವಿನ ಬಿರುಕನ್ನು ಅವರು ತಮ್ಮಲ್ಲೇ ಹುಡುಕಿ, ದೇವರ ಮುಂದಷ್ಟೇ ಅಲ್ಲ, ಶರಣರ ಮುಂದೆಯೂ ಇಟ್ಟರು. ಕಲ್ಯಾಣದಲ್ಲಿ ಅಲ್ಲಮಪ್ರಭುವಿನ ಹಿರಿತನದ ಅನುಭವಗೋಷ್ಠಿಯಲ್ಲಿ ಒಬ್ಬರ ಅರಿವನ್ನು ಇನ್ನೊಬ್ಬರು ಒರೆಗೆ ಹಚ್ಚುತ್ತಿದ್ದರೆಂದು ಪರಂಪರೆ ನೆನೆಯುತ್ತದೆ. ಏಕಾಂತಕ್ಕೆ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಡುವ ಸಾಧನೆಯಿತ್ತು. ಲೋಕದ ನಡುವೆ ಕಾಯಕವಿತ್ತು. ತನ್ನನ್ನು ಅರಿಯಲು ಮನೆ, ದುಡಿಮೆ ಬಿಡಲೇಬೇಕೆಂದಿಲ್ಲ ಎಂದು ಬಾಳಿ ತೋರಿಸಿದ್ದು ಶರಣರ ಬಹುದೊಡ್ಡ ಕೊಡುಗೆ.

ಆಧುನಿಕ ಕಾಲದಲ್ಲೂ ಈ ಪರಂಪರೆ ಮುಂದುವರಿಯಿತು. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿ ಸಮೀಪ ಶಿವಯೋಗ ಸಾಧನೆಯ ಸಂಸ್ಥೆಯಾದ ಶಿವಯೋಗಮಂದಿರ ಸ್ಥಾಪಿಸಿದರು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಅಚ್ಚಾಗಿ, ತಾಳೆಗರಿಯ ವಚನಗಳು ಸಾಮಾನ್ಯ ಓದುಗರ ಕೈಗೆ ಬಂದವು.

ಇತ್ತ ಪಶ್ಚಿಮದಲ್ಲಿ ಅಸ್ತಿತ್ವವಾದಕ್ಕೆ ಬುನಾದಿ ಹಾಕಿದ ದಾರ್ಶನಿಕ ಕೀರ್ಕೆಗಾರ್ಡ್ (1813–1855) ಸ್ವಾತಂತ್ರ್ಯದ ಬೆನ್ನಿಗೇ ಬರುವ ಕಳವಳವನ್ನು ಗುರುತಿಸಿದ. ನಾಜಿ ಸೆರೆಶಿಬಿರಗಳಲ್ಲಿ ಬದುಕುಳಿದ ವೈದ್ಯ ವಿಕ್ಟರ್ ಫ್ರಾಂಕಲ್, ಯಾತನೆಯ ನಡುವೆಯೂ ಬಾಳಿಗೆ ಅರ್ಥ ಕಾಣಬಹುದೆಂದು 1946ರಲ್ಲಿ ಬರೆದರು. ಮನೋವೈದ್ಯ ಇರ್ವಿನ್ ಯಾಲೋಮ್ 1980ರಲ್ಲಿ ಸಾವು, ಸ್ವಾತಂತ್ರ್ಯ, ಒಂಟಿತನ, ಅರ್ಥಹೀನತೆ ಎಂಬ ನಾಲ್ಕನ್ನು ಮನುಷ್ಯನ ಮೂಲ ಆತಂಕಗಳೆಂದರು. ಯಾಲೋಮ್ ಪ್ರಕಾರ ಅರ್ಥವನ್ನು ಮನುಷ್ಯನೇ ಕಟ್ಟಿಕೊಳ್ಳಬೇಕು. ಶರಣರಿಗೆ ಅದು ಲಿಂಗ, ಜಂಗಮಗಳಲ್ಲಿ ಮೊದಲೇ ಇದೆ. ಈ ಅಂತರ ಮರೆತು ಎರಡನ್ನೂ ಒಂದೇ ಎನ್ನುವುದು ಯಾರಿಗೂ ನ್ಯಾಯವಲ್ಲ.

ಎರಡೂ ನಿಜಕ್ಕೂ ಹತ್ತಿರವಾಗುವುದು ಹೊಣೆಗಾರಿಕೆಯಲ್ಲಿ. ಇದಕ್ಕೆ ಈ ಸೀಮೆಯ ಉತ್ತಮ ನಿದರ್ಶನ, ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ (1930–2018) 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಓಣಿ ಓಣಿ ತಿರುಗಿ ಅವರು ಜನರ ಚಟಗಳನ್ನು ಭಿಕ್ಷೆ ಬೇಡಿದರು. ಕುಡಿತ, ಬೀಡಿ, ಗುಟ್ಕಾ ಬಿಡುವುದಾಗಿ ಜನ ಅವರಿಗೆ ಮಾತು ಕೊಟ್ಟರು. ಬಿಡುವ ನಿರ್ಧಾರ ಆಯಾ ವ್ಯಕ್ತಿಯದು, ಸಾಕ್ಷಿಗೆ ಇಡೀ ಓಣಿ. ಅನುಭವಗೋಷ್ಠಿಯ ಗುಣ ಇಲ್ಲಿ ಬೀದಿಗೆ ಇಳಿದಿದೆ. ಸ್ವಾಮೀಜಿಯವರ ಜನ್ಮದಿನವಾದ ಆಗಸ್ಟ್ 1 ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಲ್ಲಿದೆ.