ಮಕ್ಕಳ ಮಾತು ಮತ್ತು ಭಾಷೆಯ ಬೆಳವಣಿಗೆ: ಮನೆಯ ಪಾತ್ರ

ಹುಟ್ಟಿನಿಂದ ಸುಮಾರು ಐದು ವರ್ಷದೊಳಗೆ ಮಗು ಇತರರ ಮಾತನ್ನು ಕೇಳಿ ತಿಳಿಯುವ, ತಾನೂ ಆಡುವ, ಮಾತಿನ ಮೂಲಕ ಜನರೊಡನೆ ಬೆರೆಯುವ ಶಕ್ತಿಯನ್ನು ಹಂತಹಂತವಾಗಿ ಪಡೆಯುತ್ತದೆ. ಇದಕ್ಕೆ ಹೆತ್ತವರು, ಅಜ್ಜ-ಅಜ್ಜಿಯರು, ಅಣ್ಣ-ಅಕ್ಕಂದಿರು ದಿನನಿತ್ಯದ ಒಡನಾಟದಲ್ಲಿ ಕೊಡುವ ನೆರವು ಇಲ್ಲಿನ ವಿಷಯ. ವಾಕ್ ಚಿಕಿತ್ಸಕರು ಮಾತನ್ನೂ ಭಾಷೆಯನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಉಚ್ಚಾರಣೆ, ದನಿ, ಓಟ ಇವು ಮಾತಿಗೆ ಸೇರಿದವು. ಪದಗಳ ಅರ್ಥ, ವಾಕ್ಯರಚನೆ, ಸಂದರ್ಭಕ್ಕೆ ತಕ್ಕ ಬಳಕೆ ಭಾಷೆಗೆ ಸೇರಿದವು. ಕಾಗೆಯನ್ನು ‘ತಾದೆ’ ಎನ್ನುವ ಎರಡೂವರೆ ವರ್ಷದ ಮಗುವಿನ ಭಾಷೆ ಚೆನ್ನಾಗಿಯೇ ಬೆಳೆಯುತ್ತಿರಬಹುದು. ಹೇಳಿಕೊಟ್ಟದ್ದನ್ನೆಲ್ಲ ಸ್ಪಷ್ಟವಾಗಿ ಒಪ್ಪಿಸಿಯೂ ತನಗೇನು ಬೇಕೆಂದು ಕೇಳಲಾರದ ಮಗುವಿಗೆ ಭಾಷೆಯ ತೊಂದರೆ ಇರಬಹುದು.

ಕಲಿಕೆ ಮೊದಲ ಪದಕ್ಕಿಂತ ಎಷ್ಟೋ ಮುಂಚೆ ಶುರುವಾಗುತ್ತದೆ. ಹಸುಗೂಸು ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತದೆಂದು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ತೋರಿಸಿದರು. ನಮಗೆ ಇನ್ನೂ ಹತ್ತಿರದ ಪ್ರಯೋಗವೊಂದು ಕೆನಡಾದಲ್ಲಿ ನಡೆಯಿತು. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ತಕಾರ-ಟಕಾರಗಳ ವ್ಯತ್ಯಾಸವನ್ನು ಕೇಳಿ ಗುರುತಿಸುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಬಹುಪಾಲು ಕೂಸುಗಳಲ್ಲಿ ಆ ಶಕ್ತಿ ಕುಂದಿತ್ತು. ಹಿಂದಿ ಕೇಳುತ್ತ ಬೆಳೆದ ಮಕ್ಕಳಲ್ಲಿ ಅದು ಉಳಿದಿತ್ತು. ಕನ್ನಡದ ‘ಕತ್ತು’ ಮತ್ತು ‘ಕಟ್ಟು’ಗಳನ್ನು ಬೇರೆ ಮಾಡುವುದೂ ಇದೇ ವ್ಯತ್ಯಾಸ. ‘ಇನ್ನೂ ಮಾತೇ ಬಾರದ ಕೂಸಿನ ಹತ್ತಿರ ಏನು ಮಾತಾಡುವುದು’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಎರಡು-ಮೂರು ತಿಂಗಳಲ್ಲಿ ಕೂಸು ಸ್ವರ ಎಳೆಯತೊಡಗುತ್ತದೆ. ಆರರಿಂದ ಹತ್ತು ತಿಂಗಳೊಳಗೆ ‘ಬಬಬ’, ‘ದದದ’ ಎಂಬ ತೊದಲು ಬರುತ್ತದೆ. ವರ್ಷದ ಹೊತ್ತಿಗೆ ಒಂದೆರಡು ಪದ, ಬೆರಳು ಮಾಡಿ ತೋರಿಸುವುದು, ಟಾಟಾ ಮಾಡುವುದು. ಎರಡು ವರ್ಷಕ್ಕೆ ಸುಮಾರು 50 ಪದಗಳು, ‘ಅಮ್ಮ ಬಾ’, ‘ಹಾಲು ಬೇಡ’ದಂಥ ಜೋಡಿಗಳು. ನಾಲ್ಕು ವರ್ಷಕ್ಕೆ ಹೊರಗಿನವರಿಗೂ ಮಾತು ಬಹುಮಟ್ಟಿಗೆ ತಿಳಿಯಬೇಕು. ರ, ಳ, ಷ, ಒತ್ತಕ್ಷರಗಳು ತಡವಾಗಿ ಹಿಡಿತಕ್ಕೆ ಬರುತ್ತವೆ. ಎರಡು ವರ್ಷದ ಮಗುವನ್ನು ಕೂರಿಸಿಕೊಂಡು ಅವನ್ನು ತಿದ್ದುವುದು ಇಬ್ಬರಿಗೂ ಹಿಂಸೆ.

ಮನೆ ಮಾಡಬೇಕಾದ ಮುಖ್ಯ ಕೆಲಸ ಮಗು ಏನು ಸೂಚಿಸಿದರೂ ಅದಕ್ಕೆ ಉತ್ತರ ಕೊಡುವುದು, ಪಾಠ ಹೇಳುವುದಲ್ಲ. ಅವರೆಕಾಯಿ ಬಿಡಿಸುತ್ತ ಕೂತ ಅಜ್ಜಿಯ ಬಳಿ ಒಂದೂವರೆ ವರ್ಷದ ಮಗು ಬಂದು, ಮೊರದಿಂದ ಒಂದು ಕಾಯಿ ಎತ್ತಿ ‘ಊಂ’ ಎನ್ನುತ್ತದೆ. ‘ಬಿಡಿಸ್ಕೊಡ್ಲಾ ಪುಟ್ಟಾ?’ ಎಂದು ಕೇಳಿ ಅಜ್ಜಿ ಸುಮ್ಮನೆ ಮಗುವಿನ ಮುಖ ನೋಡುತ್ತಾಳೆ. ಮಗು ಕಾಯನ್ನು ಮುಂದೆ ಚಾಚುತ್ತದೆ. ‘ಕಾಳು ಬಂತು ನೋಡು. ಅಯ್ಯೋ, ಇದರಲ್ಲಿ ಹುಳ!’ ಎಂದರೆ ಮಗು ‘ಉಳ’ ಎನ್ನುತ್ತದೆ. ‘ಹೂಂ, ಹುಳ. ಹಸಿರು ಹುಳ. ಆಚೆ ಬಿಸಾಕೋಣ್ವಾ?’ ಅರ್ಧ ನಿಮಿಷದ ಈ ವ್ಯವಹಾರದಲ್ಲಿ ಭಾಷೆ ಬೆಳೆಸುವ ಬಹುಪಾಲು ತಂತ್ರಗಳಿವೆ. ಮಗುವಿನ ಕಣ್ಣು ಎಲ್ಲಿದೆಯೋ ಅಲ್ಲಿಯೇ ಮಾತು ಶುರುವಾಯಿತು. ಪ್ರಶ್ನೆ ಕೇಳಿದ ಮೇಲೆ ಅಜ್ಜಿ ಕಾದಳು. ಮಗುವಿಗೆ ಉತ್ತರ ಹೊಂದಿಸಿಕೊಳ್ಳಲು ಹೊತ್ತು ಬೇಕು, ಆ ಮೌನವನ್ನು ದೊಡ್ಡವರು ತುಂಬಿಬಿಟ್ಟರೆ ಅದರ ಸರದಿ ತಪ್ಪುತ್ತದೆ. ‘ಉಳ ಅಲ್ಲ, ಹುಳ ಅನ್ನು’ ಎಂದು ಅಜ್ಜಿ ತಿದ್ದಲಿಲ್ಲ. ಸರಿಯಾದ ರೂಪವನ್ನು ತಾನೇ ಆಡಿ, ಒಂದು ಪದ ಹೆಚ್ಚಿಗೆ ಸೇರಿಸಿ ಹಿಂದಿರುಗಿಸಿದಳು.

ಹೀಗೆ ಹಿಗ್ಗಿಸಿ ಹೇಳುವುದು ಕನ್ನಡದಲ್ಲಿ ವಿಶೇಷವಾಗಿ ಉಪಯುಕ್ತ. ನಮ್ಮ ಭಾಷೆಯಲ್ಲಿ ಅರ್ಥದ ಬಹುಭಾಗ ಪದದ ಕೊನೆಗೆ ಅಂಟುವ ಪ್ರತ್ಯಯಗಳಲ್ಲಿದೆ. ಮಗು ‘ಅಜ್ಜಿ ಚಪ್ಪಲಿ’ ಎಂದರೆ ‘ಹೌದು, ಅಜ್ಜೀದು ಚಪ್ಪಲಿ, ಬಾಗಿಲ ಹತ್ರ ಇದೆ’ ಎಂದು ಹೇಳಿದಾಗ ಅದಕ್ಕೆ ಬೇಕಾದ ವ್ಯಾಕರಣ ಬೇಕಾದ ಹೊತ್ತಿಗೇ ಸಿಗುತ್ತದೆ. ನೆಂಟರ ಮುಂದೆ ‘ಇದೇನು? ಅದೇನು? ಆಂಟಿಗೆ ಹೇಳು’ ಎಂದು ಪರೀಕ್ಷೆ ಮಾಡುವುದರಿಂದ ಇಂಥದ್ದೇನೂ ಸಿಗುವುದಿಲ್ಲ. ಮಾತು ಕಡಿಮೆಯಿರುವ ಮಗು ಇನ್ನಷ್ಟು ಬಾಯಿ ಮುಚ್ಚಿಕೊಳ್ಳುತ್ತದೆ. ಅದರ ಬದಲು ‘ಬಾಳೆಹಣ್ಣು ಬೇಕಾ, ಕಿತ್ತಳೆ ಬೇಕಾ?’ ಎಂದು ಆಯ್ಕೆ ಕೊಡುವುದು ಎಷ್ಟೋ ಮೇಲು.

ಎಷ್ಟು ಮಾತು ಕಿವಿಗೆ ಬೀಳುತ್ತದೆ ಎಂಬುದಕ್ಕೆ ಅಮೆರಿಕದ ಹಾರ್ಟ್ ಮತ್ತು ರಿಸ್ಲಿ 1995ರಲ್ಲಿ ಬಹಳ ಮಹತ್ವ ಕೊಟ್ಟರು. 42 ಕುಟುಂಬಗಳ ಆ ಅಧ್ಯಯನದ ಅಂಕಿಗಳು ಮುಂದೆ ಟೀಕೆಗೆ ಒಳಗಾದವು. 2018ರಲ್ಲಿ ರೇಚಲ್ ರೋಮಿಯೊ ಮತ್ತು ಸಂಗಡಿಗರು ನಾಲ್ಕರಿಂದ ಆರು ವರ್ಷದ ಮಕ್ಕಳ ಮಿದುಳಿನ ಚಿತ್ರಣ ತೆಗೆದು ನೋಡಿದಾಗ, ಭಾಷೆಯ ಕೇಂದ್ರದ ಚಟುವಟಿಕೆಗೆ ಹೆಚ್ಚು ನಂಟು ಕಂಡದ್ದು ಕೇಳಿದ ಪದಗಳ ಸಂಖ್ಯೆಗಲ್ಲ, ದೊಡ್ಡವರೊಡನೆ ಮಗು ನಡೆಸಿದ ಮಾತಿನ ಕೊಡುಕೊಳ್ಳುವಿಕೆಗೆ.

ಕನ್ನಡದ ಮನೆಗಳಲ್ಲಿ ಇದಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಮಮ್ಮು, ತಾಚಿ, ಬೌಬೌ ಎಂಬ ಕೂಸುಮಾತು, ಎಳೆದೆಳೆದು ರಾಗವಾಗಿ ಆಡುವ ದನಿ ಮಗುವಿನ ಗಮನವನ್ನು ಹಿಡಿಯುತ್ತವೆ. ‘ಹಾಗೆ ಆಡಿದರೆ ಮಗು ಹಾಗೆಯೇ ಕಲಿಯುತ್ತದೆ’ ಎಂದು ಹೆದರಬೇಕಿಲ್ಲ, ಮಗು ಬೆಳೆದಂತೆ ದೊಡ್ಡವರ ಮಾತೂ ಬದಲಾಗುತ್ತ ಹೋದರೆ ಸಾಕು. ಚಪ್ಪಾಳೆಯಾಟ, ಕಣ್ಣಾಮುಚ್ಚಾಲೆ, ಲಾಲಿ, ಶಿಶುಗೀತೆ ಎಲ್ಲವೂ ಸರದಿಯನ್ನು ಕಲಿಸುತ್ತವೆ. ಜಿ. ಪಿ. ರಾಜರತ್ನಂ ಅವರ ‘ನಾಯಿಮರಿ’ ಪದ್ಯವಂತೂ ಇಡಿಯಾಗಿ ಪ್ರಶ್ನೋತ್ತರ. ಒಂದು ಕಡೆ ತಾಯಿ, ಇನ್ನೊಂದು ಕಡೆ ಮಗು ನಿಂತು ಆಡಬಹುದು. ಚಿತ್ರಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಿ ಮುಗಿಸುವ ಹಟ ಬೇಡ. ಮಗು ಒಂದೇ ಪುಟದಲ್ಲಿ ನಿಂತರೆ ಅಲ್ಲಿಯೇ ನಿಲ್ಲಬೇಕು. ಓದುತ್ತ ಓದುತ್ತ ಮಗುವನ್ನೇ ಕಥೆ ಹೇಳುವವನ ಜಾಗಕ್ಕೆ ತರುವ ಕ್ರಮದಿಂದ ಭಾಷೆ ಸುಧಾರಿಸುತ್ತದೆಂದು ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲೇ ತೋರಿಸಿದ್ದಾರೆ.

ಎರಡು ಭಾಷೆಗಳು ಮಗುವನ್ನು ಗೊಂದಲಕ್ಕೆ ಕೆಡವಿ ಮಾತನ್ನು ತಡಮಾಡುತ್ತವೆ ಎಂಬ ನಂಬಿಕೆ ತಪ್ಪು. ತುಳು, ಕೊಂಕಣಿ, ಉರ್ದು, ಕೊಡವ, ತೆಲುಗು ಆಡುವ ಮನೆಗಳ ಮಕ್ಕಳು ಕರ್ನಾಟಕದಲ್ಲಿ ಬೀದಿಯ ಕನ್ನಡವನ್ನು ಜೊತೆಜೊತೆಗೇ ಕಲಿಯುತ್ತಾರೆ. ಅಂಥ ಮಗುವಿನ ಪದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಬೇಕು. ಎಲ್‌ಕೆಜಿ ಸೀಟಿನ ಆತಂಕದಲ್ಲಿ ತಮಗೇ ಸಲೀಸಲ್ಲದ ಇಂಗ್ಲಿಷಿನಲ್ಲಿ ಮಗುವಿನೊಡನೆ ವ್ಯವಹರಿಸುವ ಹೆತ್ತವರು, ವಿದೇಶದಲ್ಲಿ ಕನ್ನಡವನ್ನು ನಿಲ್ಲಿಸಿಬಿಡುವ ಕುಟುಂಬಗಳು ಕಳೆದುಕೊಳ್ಳುವುದು ದೊಡ್ಡದು. ಜೋಗುಳ, ಜಗಳ, ತಮಾಷೆ, ಸಮಾಧಾನ ಯಾವ ಭಾಷೆಯಲ್ಲಿ ಸಹಜವಾಗಿ ಬರುತ್ತದೋ ಆ ಭಾಷೆಯೇ ಮಗುವಿಗೆ ಬೇಕಾದದ್ದು.

ಮೊಬೈಲು, ಟೀವಿಗಳ ವಿಷಯದಲ್ಲಿ ಪ್ರಯೋಗದ ಸಾಕ್ಷಿಯಿದೆ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದಂತೆ, ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳು ಎದುರಿಗೆ ಕೂತು ಆಡಿಸಿದವರಿಂದ ಚೀನಾದ ಮ್ಯಾಂಡರಿನ್ ಧ್ವನಿಗಳನ್ನು ಕಲಿತವು. ಅದೇ ಜನರ ವಿಡಿಯೊ ನೋಡಿದವು ಏನೂ ಕಲಿಯಲಿಲ್ಲ. ಎರಡು ವರ್ಷದೊಳಗಿನವರಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ತುತ್ತು ಇಳಿಯಲಿ ಎಂದು ಮೊಬೈಲ್ ಹಿಡಿಸಿದರೆ, ದಿನಕ್ಕೆ ಮೂರು ಬಾರಿ ತಾನಾಗಿ ಒದಗುವ ಮಾತುಕತೆಯ ಹೊತ್ತು ಕೈತಪ್ಪುತ್ತದೆ.

ಮಾತು ಬರಲೆಂದು ನಾಲಿಗೆಗೆ ಬಜೆ ತೇಯ್ದು ಹಚ್ಚುವ ರೂಢಿ ಹಳೆಯದು. ಅದರಿಂದ ಮಾತು ಬರುತ್ತದೆ ಎನ್ನಲು ಆಧಾರವಿಲ್ಲ. ಬಜೆಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸುವುದು ಅಪಾಯ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪದಿಂದ ಬಾಟುಲಿಸಂ ಎಂಬ ತೀವ್ರ ಕಾಯಿಲೆ ಬರಬಹುದು. ಎರಡರಿಂದ ಐದು ವರ್ಷದ ನಡುವೆ ಮಾತು ಎಡವುವುದು ಅನೇಕ ಮಕ್ಕಳಲ್ಲಿ ಕಂಡು, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ‘ನಿಧಾನವಾಗಿ ಹೇಳು’ ಎಂದು ಗದರದೆ ಪೂರ್ತಿ ಕೇಳಿಸಿಕೊಳ್ಳುವುದೇ ಮನೆಯವರು ಮಾಡಬೇಕಾದದ್ದು. ತಿಂಗಳುಗಟ್ಟಲೆ ಮುಂದುವರಿದರೆ, ಮುಖ ಹಿಂಡಿ ಒದ್ದಾಡುವುದು ಕಂಡರೆ ತಜ್ಞರಿಗೆ ತೋರಿಸಬೇಕು.

‘ಗಂಡುಮಕ್ಕಳಿಗೆ ಮಾತು ತಡ’, ‘ಅವರಪ್ಪನಿಗೂ ಮೂರು ವರ್ಷಕ್ಕೇ ಬಂದದ್ದು’ ಎಂಬ ಸಮಾಧಾನಗಳಿಂದ ಎಷ್ಟೋ ಮಕ್ಕಳ ಅಮೂಲ್ಯ ಕಾಲ ಕಳೆದುಹೋಗಿದೆ. ವರ್ಷವಾದರೂ ತೊದಲಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ. ಹದಿನಾರು ತಿಂಗಳಾದರೂ ಒಂದೂ ಪದವಿಲ್ಲ. ಎರಡು ವರ್ಷಕ್ಕೆ ಎರಡು ಪದ ಜೋಡಿಸುವುದಿಲ್ಲ. ಕಲಿತ ಮಾತು ಯಾವುದೇ ವಯಸ್ಸಿನಲ್ಲಿ ಹಿಂದಕ್ಕೆ ಹೋಗುತ್ತಿದೆ, ಇವುಗಳಲ್ಲಿ ಯಾವುದಿದ್ದರೂ ಮೊದಲು ಕಿವಿಯ ಪರೀಕ್ಷೆ ಆಗಬೇಕು. ಬಾಗಿಲು ಬಡಿದಾಗ ತಿರುಗುತ್ತದೆ ಎಂದ ಮಾತ್ರಕ್ಕೆ ಮಾತಿನ ಧ್ವನಿಗಳೂ ಕೇಳುತ್ತಿವೆ ಎಂದಲ್ಲ. ನೆಗಡಿಯ ಹಿಂದೆಯೇ ಬರುವ ಕಿವಿ ಸೋರಿಕೆಯೂ ಕೇಳ್ಮೆಯನ್ನು ಕುಗ್ಗಿಸುತ್ತದೆ. ಶ್ರವಣದೋಷವನ್ನು ಮೂರು ತಿಂಗಳೊಳಗೆ ಗುರುತಿಸಿ ಆರು ತಿಂಗಳೊಳಗೆ ಚಿಕಿತ್ಸೆ, ತರಬೇತಿ ಆರಂಭಿಸಬೇಕೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಗುರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶ್ರವಣದೋಷ, ಭಾಷಾ ವಿಳಂಬಗಳ ತಪಾಸಣೆ ಸೇರಿದೆ. ಅಂಗನವಾಡಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ, ಚಿಕಿತ್ಸೆ, ಹೆತ್ತವರ ತರಬೇತಿ ಕನ್ನಡದಲ್ಲಿಯೇ ದೊರೆಯುತ್ತವೆ. ಸಂಶಯ ಬಂದ ದಿನವೇ ಮಗುವನ್ನು ತೋರಿಸಿ; ಏನೂ ಇಲ್ಲವೆಂದು ಗೊತ್ತಾದರೆ ನಷ್ಟವಿಲ್ಲ, ಇದ್ದರೆ ಆ ದಿನಗಳು ಮತ್ತೆ ಸಿಗುವುದಿಲ್ಲ.