ಬಸಳೆಗೆ ಬೇಲಿ, ಕೋಳಿಗೆ ಬೇಲಿ

ನಮ್ಮ ಕಡೆ ಹಿಂದೆಲ್ಲ ಬೇಲಿ ಎಂದರೆ ಗಿಡಕ್ಕೆ ಹಾಕುವುದು, ಕೋಳಿಗಲ್ಲ. ಬಸಳೆ ಚಪ್ಪರದ ಬುಡಕ್ಕೆ ಬೇಲಿ, ಹರಿವೆ ಮಡಿಗೆ ಬೇಲಿ, ಎಳೆಯ ತೊಂಡೆ ಬಳ್ಳಿಗೆ ಬೇಲಿ. ಕೋಳಿ ಮಾತ್ರ ಇಡೀ ಕೇರಿಯೇ ತನ್ನದು ಎಂಬಂತೆ ತಿರುಗಿಕೊಂಡಿರುತ್ತಿತ್ತು. ಈಗ ನೋಡಿದರೆ ಗಿಡ ಹೊರಗೆ, ಕೋಳಿ ಬಲೆಯ ಒಳಗೆ. ಧಾರೇಶ್ವರದ ನಮ್ಮ ಹಿತ್ತಿಲಲ್ಲೂ ಹೀಗೆಯೇ. ಈ ಅದಲುಬದಲು ಯಾವಾಗ ಆಯಿತು, ಯಾಕೆ ಆಯಿತು? ಮಕ್ಕಳಿಗೆ ರಾಜ್ಯಗಳ ಗಡಿಯನ್ನು ನಕ್ಷೆಯಲ್ಲಿ ಬರೆಸುವ ನನಗೆ ಹಿತ್ತಿಲ ಗಡಿಗೂ ಒಂದು ಚರಿತ್ರೆ ಉಂಟೆಂದು ಹೊಳೆದದ್ದು ನಾನೇ ಒಂದು ಕೋಳಿ ಅಂಗಳ ಕಟ್ಟಿಸಲು ಹೊರಟಾಗ.

ಮೊದಲಿಗೆ ಒಂದು ಸ್ವಾರಸ್ಯದ ಸಂಗತಿ. ಕೋಳಿಯನ್ನು ಮನುಷ್ಯ ಬೇಲಿ ಹಾಕಿ ಪಳಗಿಸಿದ್ದಲ್ಲ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಸಾಕುಕೋಳಿಯದೆಂದು ನಿಶ್ಚಯವಾಗಿ ಹೇಳಬಹುದಾದ ಅತ್ಯಂತ ಹಳೆಯ ಎಲುಬುಗಳು ಥೈಲ್ಯಾಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿವೆ, ಕಾಲ ಕ್ರಿ.ಪೂ. 1650ರಿಂದ 1250ರ ನಡುವೆ. ಅಲ್ಲಿಯ ಜನ ಕಾಡು ಸವರಿ ಭತ್ತ ಬಿತ್ತಿದರು. ಉದುರಿದ ಕಾಳಿನ ಆಸೆಗೆ ಬಿದಿರು ಮೆಳೆಯಲ್ಲಿದ್ದ ಕೆಂಪು ಕಾಡುಕೋಳಿ ಇಳಿದು ಬಂತು, ಬಂದದ್ದು ಹೋಗಲಿಲ್ಲ. ಅಂದರೆ ಅದನ್ನು ಮನೆಗೆ ಕರೆತಂದದ್ದು ಬಲೆಯಲ್ಲ, ಅಕ್ಕಿ ಕೇರುವಾಗ ಮೊರದಿಂದ ಹಾರಿಬಿದ್ದ ನುಚ್ಚು. ಆ ಮೊರ ಯಾರ ಕೈಯಲ್ಲಿತ್ತೆಂದು ನಾನು ಹೇಳಬೇಕಾಗಿಲ್ಲ.

ನಮ್ಮ ಘಟ್ಟದ ಪಾಲೂ ಇದರಲ್ಲಿದೆ. ಸಹ್ಯಾದ್ರಿಯಲ್ಲಿ ಕೂಗುವ ಕಾಡುಕೋಳಿ ಬೂದು ಬಣ್ಣದ್ದು, ಜಾತಿಯೇ ಬೇರೆ. ಸಾಕುಕೋಳಿಗಳ ಹಳದಿ ಕಾಲಿಗೆ ಕಾರಣವಾದ ಅಂಶ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಎಂದೋ ಎಲ್ಲೋ ಊರ ಕೋಳಿ ಕಾಡಂಚಿಗೆ ಹೋಗಿರಬೇಕು, ಇಲ್ಲವೇ ಕಾಡಿನದು ಊರಂಚಿಗೆ ಬಂದಿರಬೇಕು. ಬೇಲಿ ಇದ್ದಿದ್ದರೆ ಈ ನೆಂಟಸ್ತಿಕೆ ಕುದುರುತ್ತಲೇ ಇರಲಿಲ್ಲ.

ಇನ್ನು ನಮ್ಮ ನಾಡಿನ ಹಳೆಯ ಗ್ರಂಥಗಳಲ್ಲಿ ಕೋಳಿಯನ್ನು ಹುಡುಕಿದರೆ ಸಿಗುವುದು ಹೆಚ್ಚಾಗಿ ಹುಂಜವೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿಗೆ ಕೋಳಿ ಕಾಳಗವೂ ಸೇರಿದೆ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದಕ್ಕೇ ತಾಯಿಮಗ ಇಬ್ಬರೂ ಜನ್ಮಜನ್ಮಾಂತರ ತೊಳಲುತ್ತಾರೆ. ಅರಸನ ಕಾಳಗಕ್ಕೆ ಹುಂಜ, ದೇವಿಯ ಬಲಿಗೆ ಹುಂಜ. ಮೂಲೆಯ ಬುಟ್ಟಿಯಲ್ಲಿ ಇಪ್ಪತ್ತೊಂದು ದಿನ ಕಾವು ಕೂತು ಮರಿ ಎಬ್ಬಿಸುವ ಹೇಂಟೆಯನ್ನು ಕೇಳುವವರಿಲ್ಲ. ಚರಿತ್ರೆಯಲ್ಲಿ ಹೆಂಗಸರ ಹೆಸರು ಹುಡುಕಿ ಸೋತ ನನಗೆ ಇದೇನೂ ಆಶ್ಚರ್ಯವಲ್ಲ.

ಹೇಂಟೆಯ ಚರಿತ್ರೆ ಇರುವುದು ಹಿತ್ತಿಲಲ್ಲಿ. ನಾನು ಚಿಕ್ಕವಳಿದ್ದಾಗ, 1970ರ ದಶಕದಲ್ಲಿ, ನಮ್ಮೂರಿನ ಹಿತ್ತಿಲುಗಳ ಬೇಲಿ ಎಂದರೆ ಹಾಲವಾಣದ ಗೂಟ, ಲಕ್ಕಿ ಗಿಡ, ದಾಸವಾಳ, ನಡುನಡುವೆ ಅಡಿಕೆ ದಬ್ಬೆ, ತೆಂಗಿನ ಮಡ್ಲು. ಕಡಲು ಹತ್ತಿರವಾದ್ದರಿಂದ ಹರಿದ ಮೀನುಬಲೆಯೂ ಬೇಲಿಯೇ. ದನ ತಡೆಯುವುದಕ್ಕೆ ಇಷ್ಟು ಸಾಕು; ಕೋಳಿಗೆ ಇದು ಲೆಕ್ಕವೇ ಅಲ್ಲ. ನಮ್ಮ ಕೋಳಿ ಆಚೆಮನೆ ಮಡಿ ಕೆದರುವುದು, ಅವರ ಕೋಳಿ ನಮ್ಮ ಹುಲ್ಲು ಬಣವೆಯ ಬುಡದಲ್ಲಿ ತತ್ತಿ ಇಡುವುದು, ಎರಡೂ ನಡೆಯುತ್ತಿತ್ತು. “ನಿಮ್ಮ ಕೋಳಿ ನಮ್ಮ ಹರಿವೆ ಪೂರಾ ಕೆದರಿ ಹಾಕ್ತು ಅಕ್ಕಾ” ಎಂದು ಬೇಲಿಯಾಚೆಯಿಂದ ಕೂಗು ಬಂದರೆ ಅಮ್ಮ ಹೋಗಿ ಮಾತಾಡಿ, ಬರುವಾಗ ಎರಡು ತೊಂಡೆ ಬಳ್ಳಿ ತುಂಡು ಹಿಡಿದು ಬರುತ್ತಿದ್ದಳು.

ಈ ಜಗಳಕ್ಕೆ ಸರಕಾರ ಬಾಯಿ ಹಾಕಿದ್ದಿಲ್ಲ. ಬ್ರಿಟಿಷರು 1871ರಲ್ಲಿ ಜಾನುವಾರುಗಳ ಅತಿಕ್ರಮಣದ ಕಾಯಿದೆ ತಂದರು. ಬೆಳೆ ಮೇಯ್ದ ದನವನ್ನು ಕೊಂಡವಾಡೆಗೆ ಹಾಕಿ ದಂಡ ವಸೂಲು ಮಾಡುವ ಕಾಯಿದೆ ಅದು. ಅದರಲ್ಲಿ ‘ಜಾನುವಾರು’ ಎಂದರೆ ಯಾವುವು ಎಂಬ ಪಟ್ಟಿಯಲ್ಲಿ ಆನೆ ಇದೆ, ಒಂಟೆ ಇದೆ, ಕುದುರೆ, ಕತ್ತೆ, ಹಂದಿ, ಕುರಿ, ಆಡಿನ ಮರಿವರೆಗೂ ಇದೆ, ಕೋಳಿ ಇಲ್ಲ. ಒಂಟೆಯನ್ನೇ ಕಾಣದ ನಮ್ಮೂರಿಗೆ ಒಂಟೆಯ ಕಾಯಿದೆ ಬಂತು, ದಿನ ಬೆಳಗಾದರೆ ಮಡಿ ಕೆದರುವ ಕೋಳಿಯ ನ್ಯಾಯ ಹೆಂಗಸರ ಬಾಯಿಗೇ ಉಳಿಯಿತು. ಅವರು ಅದನ್ನು ಚೆನ್ನಾಗಿಯೇ ನಡೆಸಿಕೊಂಡು ಬಂದರು.

ಹಾಗೆ ನೋಡಿದರೆ ತತ್ತಿಯ ದುಡ್ಡೂ ಅವರದೇ. ಭತ್ತ, ತೆಂಗಿನಕಾಯಿಯ ಲೆಕ್ಕ ಗಂಡಸರದು. ತತ್ತಿ ಮಾರಿದ ಚಿಲ್ಲರೆ ಮಾತ್ರ ಅಮ್ಮನ ಸಾಸಿವೆ ಡಬ್ಬಿಗೆ ಬೀಳುತ್ತಿತ್ತು. ಹತ್ತನೆಯ ತರಗತಿಯ ಪರೀಕ್ಷೆಗೆ ನಾನು ಶುಲ್ಕ ಕಟ್ಟಿದ್ದು ಆ ಡಬ್ಬಿಯಿಂದ. ಆ ವರ್ಷ ಡಬ್ಬಿ ಖಾಲಿ ಇದ್ದಿದ್ದರೆ ನಾನು ಇಂದು ಕರಿಹಲಗೆಯ ಮುಂದೆ ನಿಲ್ಲುತ್ತಿದ್ದೆನೋ ಇಲ್ಲವೋ.

ಬೇಲಿ ಬದಲಾಗಲು ಶುರುವಾದದ್ದು ಆ ಕಾಲದಲ್ಲಿಯೇ. ನಮ್ಮದು ಗೇಣಿಯ ಹಿತ್ತಿಲು. 1974ರಲ್ಲಿ ಹೊಸ ಭೂಸುಧಾರಣೆ ಜಾರಿಗೆ ಬಂದು, ಅಪ್ಪ ಡಿಕ್ಲರೇಶನ್ ಕೊಟ್ಟು, ಕೊನೆಗೆ ಜಾಗ ನಮ್ಮ ಹೆಸರಿಗಾಯಿತು. ಅದುವರೆಗೆ ಕಲ್ಲು ಕಟ್ಟಲು ಯಾರಿಗೆ ಧೈರ್ಯ? ಜಾಗ ತನ್ನದಾದ ಮೇಲೆ ಅಪ್ಪ ಮೊದಲು ಮಾಡಿಸಿದ ಕೆಲಸ ಚಿರೆಕಲ್ಲಿನ ಪಾಗಾರ. ನಮಗೆಲ್ಲ ದೊಡ್ಡ ಹೆಮ್ಮೆ. ಆದರೆ ಲಕ್ಕಿ ಗಿಡದ ಸಂದಿಯಲ್ಲಿ ನಡೆಯುತ್ತಿದ್ದ ಮಾತುಕತೆ ಗೋಡೆಯ ಮೇಲಿಂದ ನಡೆಯಲಿಲ್ಲ.

ಕೋಳಿಯನ್ನೇ ಒಳಗಿಡುವ ಕಲ್ಪನೆ ಬಂದದ್ದು ಮಾತ್ರ ದೂರದಿಂದ. 1840ರ ದಶಕದಲ್ಲಿ ವಿಕ್ಟೋರಿಯಾ ರಾಣಿಗಾಗಿ ವಿಂಡ್ಸರ್ ಅರಮನೆಯ ಉದ್ಯಾನದಲ್ಲಿ ಕೋಳಿಮನೆ ಕಟ್ಟಿದರು. ಪೂರ್ವ ದೇಶಗಳಿಂದ ಹಡಗೇರಿ ಹೋದ ದೊಡ್ಡ ಗಾತ್ರದ ಕೋಳಿಗಳನ್ನು ನೋಡಿ ಇಂಗ್ಲೆಂಡಿನ ಶ್ರೀಮಂತರಿಗೆ ಕೋಳಿಯ ಹುಚ್ಚೇ ಹಿಡಿಯಿತು. 1845ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಗಳ ಪ್ರದರ್ಶನವೂ ಆಯಿತು. ಆ ನಡುವೆ, 1844ರಲ್ಲಿ, ನೇಕಾರರ ಊರಾದ ನಾರ್ವಿಚ್‌ನ ಚಾರ್ಲ್ಸ್ ಬರ್ನಾರ್ಡ್ ಎಂಬವನು ಬಟ್ಟೆ ಮಗ್ಗದ ಮಾದರಿಯಲ್ಲಿ ತಂತಿ ನೇಯುವ ಯಂತ್ರ ಮಾಡಿದ. ಆರು ಮೂಲೆಯ ಕಣ್ಣಿನ ಆ ತಂತಿ ಬಲೆಯನ್ನೇ ನಾವು ಇಂದು ಕುಮಟಾ ಪೇಟೆಯಲ್ಲಿ ಮಾರಿಗೆ ಇಷ್ಟೆಂದು ಕೊಟ್ಟು ತರುವುದು. ಅಲ್ಲಿಯೂ ಅದು ಮೊಲಗಳಿಂದ ಬೆಳೆ ಕಾಯಲು ಬಹಳ ಬಳಕೆಗೆ ಬಂತು. ಬೆಳೆ ಕಾಯುವ ಬಲೆ ಕೋಳಿ ಕಾಯುವ ಬಲೆಯೂ ಆಯಿತು.

ನಮ್ಮಲ್ಲಿ ಈ ಬಲೆ ಬಂದದ್ದು ಫಾರಂ ಕೋಳಿಯ ಜೊತೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1989ರಲ್ಲಿ ‘ಗಿರಿರಾಜ’ ತಳಿಯನ್ನು ಬಿಡುಗಡೆ ಮಾಡಿತು; ಹಿತ್ತಿಲಲ್ಲೇ ಮೇಯ್ದು ಬೆಳೆಯುವ, ತೂಕದ ಕೋಳಿ ಹಳ್ಳಿಯ ಹೆಂಗಸರಿಗೂ ಸಿಗಲೆಂಬುದೇ ಅದರ ಉದ್ದೇಶ. ಆದರೆ ಅಷ್ಟರಲ್ಲಿ ಗೂಡಂಗಡಿಗೂ ಟ್ರೇಗಟ್ಟಲೆ ಫಾರಂ ತತ್ತಿ ಬರತೊಡಗಿತ್ತು. ನಮ್ಮ ಕೇರಿಯಲ್ಲಿ ಕೋಳಿ ಕಡಿಮೆಯಾದವು, ಸಾಸಿವೆ ಡಬ್ಬಿಯಲ್ಲಿ ಸಾಸಿವೆ ಮಾತ್ರ ಉಳಿಯಿತು. ಆಮೇಲೆ ಹಕ್ಕಿಜ್ವರ: 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2012ರಲ್ಲಿ ನಮ್ಮದೇ ರಾಜ್ಯದ ಹೆಸರಘಟ್ಟದಲ್ಲಿ. ಬೀದಿ ನಾಯಿ ಹೆಚ್ಚಿದವು, ಹೆದ್ದಾರಿ ಅಗಲವಾಯಿತು. ಬಿಟ್ಟ ಕೋಳಿ ಸಂಜೆಗೆ ಬರುವ ಭರವಸೆಯೇ ಇಲ್ಲ.

ಹೀಗಾಗಿ ನಾನು ಬೇಲಿ ಹಾಕಿಸಿದೆ. ನಾಲ್ಕು ಹೇಂಟೆ; ಮಾರುವುದಕ್ಕಲ್ಲ, ಕೊಯ್ಯುವುದಕ್ಕಲ್ಲ, ಸಾಕುವ ಆಸೆಗೆ. ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಆರಡಿ ಎತ್ತರ. ಕೆಳಗಿನ ಎರಡಡಿಗೆ ಅರ್ಧ ಇಂಚು ಕಣ್ಣಿನ ಗಟ್ಟಿ ಮೆಶ್, ಏಕೆಂದರೆ ಕೇರೆ ಹಾವಿಗೆ ದೊಡ್ಡ ಕಣ್ಣು ಬಾಗಿಲಿದ್ದ ಹಾಗೆ. ನಮ್ಮದು ಉಸುಕು ನೆಲ, ಮುಂಗುಸಿ ಸಲೀಸಾಗಿ ತೋಡುತ್ತದೆ. ಆದ್ದರಿಂದ ಮೆಶ್ಶನ್ನು ಒಂದಡಿ ಹೂತು ಹೊರಕ್ಕೆ ಮಡಚಿದ್ದು. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆಂದು ವರ್ಷಕ್ಕೊಮ್ಮೆ ಬಣ್ಣ. ಗಿಡುಗನಿಗಾಗಿ ಮೇಲೆ ಹಳೆಯ ನೈಲಾನ್ ಮೀನುಬಲೆ. ಇಲ್ಲಿ ಮಳೆಗಾಲವೆಂದರೆ ಮೂರು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ. ಗೂಡನ್ನು ಚಿರೆಕಲ್ಲಿನ ಮೇಲೆ ಎರಡಡಿ ಎತ್ತರಿಸಿ ತಗಡು ಹೊದೆಸಿದೆ. ಮಣ್ಣಿನಲ್ಲಿ ಹೊರಳಲು ಒಣ ಉಸುಕು, ಬೂದಿ. ತತ್ತಿಯ ಚಿಪ್ಪು ಗಟ್ಟಿಯಾಗಲು ಅಘನಾಶಿನಿ ಹೊಳೆಯ ಬೆಳಚಿನ ಚಿಪ್ಪು ಕುಟ್ಟಿದ ಪುಡಿ.

ಅಮ್ಮ ಬಂದು ನೋಡಿ, “ಎಂತಕ್ಕೆ ಮಗಾ ಇವಕ್ಕೆ ಜೈಲು?” ಅಂದಳು. ಆ ಪ್ರಶ್ನೆಗೆ ನಾಯಿ, ಹೆದ್ದಾರಿ ಎಂದೆಲ್ಲ ಉತ್ತರ ಹೇಳಬಹುದು. ಆದರೆ “ನಿನ್ನ ಕ್ಷೇಮಕ್ಕೇ” ಎಂದು ಹೇಳಿ ಹಾಕಿದ ಬೇಲಿಗಳನ್ನು ಹೆಣ್ಣಾದವರು ನಾವು ಸಾಕಷ್ಟು ನೋಡಿದವರಲ್ಲವೇ? ಕ್ಷೇಮವೂ ನಿಜ, ಜೈಲೂ ನಿಜ. ಹಾಗಾಗಿ ಬೇಲಿಯೊಳಗೆ ಏನಿದೆ, ಬೇಲಿಗೆ ಬಾಗಿಲು ಎಷ್ಟಿದೆ ಎಂದು ಕೇಳಿಕೊಂಡೆ.

ಅಂಗಳವನ್ನು ನಡುವೆ ಮೆಶ್ ಹಾಕಿ ಎರಡು ಭಾಗ ಮಾಡಿಸಿದೆ, ಗೂಡು ನಡುವೆ. ಒಂದು ಭಾಗದಲ್ಲಿ ಕೋಳಿ ಕೆದರಿ ಗೊಬ್ಬರ ಹಾಕುವಾಗ ಇನ್ನೊಂದರಲ್ಲಿ ಹರಿವೆ. ಹರಿವೆ ಕಿತ್ತ ಮೇಲೆ ಕೋಳಿ ಆ ಕಡೆಗೆ, ಬಿತ್ತನೆ ಈ ಕಡೆಗೆ. ಹೊರಗಿನ ಮೆಶ್ಶಿಗೆ ಬಸಳೆ ಹಬ್ಬಿಸಿದೆ. ಕೋಳಿಗೆ ನೆರಳು, ಒಳಗೆ ತೂರಿದ ಎಲೆ ಅವುಗಳ ಪಾಲು, ಹೊರಗಿನದು ನಮ್ಮ ಪಾಲು. ಒಂದೇ ಬೇಲಿ ಈಗ ಬಸಳೆಗೂ ಆಯಿತು, ಕೋಳಿಗೂ ಆಯಿತು.

ಬಾಗಿಲು ಎರಡು ಇಡಿಸಿದೆ. ಒಂದು ನಮ್ಮ ಕಡೆಗೆ. ಇನ್ನೊಂದು, ಹಿಂದಿನ ಪಾಗಾರ ಕುಸಿದ ಕಡೆ, ಆಚೆಮನೆಗೆ. ನಾನು ಶಾಲೆಯಲ್ಲಿರುವಾಗ ಆಚೆಮನೆಯ ಸೊಸೆ ಬಂದು ನೀರು ಹಾಕುತ್ತಾಳೆ, ದಿನ ಬಿಟ್ಟು ದಿನದ ತತ್ತಿ ಅವಳದು. ಉಳಿದದ್ದನ್ನು ಮಾರುತ್ತಾಳಂತೆ. ದುಡ್ಡು ಎಲ್ಲಿಡುತ್ತಾಳೆಂದು ನಾನು ಕೇಳಿಲ್ಲ. ಅದು ಅವಳ ಡಬ್ಬಿಯ ವಿಷಯ.