‘ಸಣ್ಣ ತೊಂದರೆ’ ಎಂದು ಬರೆದಿಟ್ಟದ್ದು ಸಣ್ಣದಾಗಿರಲಿಲ್ಲ: ರಕ್ತ ಕ್ಯಾನ್ಸರಿನ ಒಂದು ಮಾತ್ರೆಯ ಚರಿತ್ರೆ

ಕ್ಯಾನ್ಸರ್ ಅಂದ ಕೂಡಲೇ ಕೂದಲು ಉದುರುವುದು, ಆಸ್ಪತ್ರೆ ಮಂಚ, ಕೈಗೆ ಚುಚ್ಚಿದ ಡ್ರಿಪ್ಪು ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಒಂದು ಬಗೆಯ ರಕ್ತ ಕ್ಯಾನ್ಸರಿಗೆ 2001ರಿಂದ ಮನೆಯಲ್ಲೇ ನುಂಗುವ ಮಾತ್ರೆ ಇದೆ. ಅದರ ಹೆಸರು ಇಮ್ಯಾಟಿನಿಬ್. ಕಾಯಿಲೆಯ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾ, ಚಿಕ್ಕದಾಗಿ ಸಿ.ಎಂ.ಎಲ್.

ಈ ಮಾತ್ರೆ ನುಂಗುವವರು ಹೊಲಕ್ಕೆ ಹೋಗುತ್ತಾರೆ, ಅಂಗಡಿ ನಡೆಸುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ. ಹೊರಗಿನವರಿಗೆ ಕಾಯಿಲೆಯೇ ಕಾಣುವುದಿಲ್ಲ. ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂರುವುದು, ಬೆಳಗ್ಗೆ ಕಣ್ಣಿನ ಸುತ್ತ ಊದಿಕೊಂಡಿರುವುದು, ವಾಕರಿಕೆ, ಭೇದಿ, ಎಷ್ಟು ಮಲಗಿದರೂ ಹೋಗದ ಸುಸ್ತು ಮನೆಯವರಿಗೆ ಮಾತ್ರ ಗೊತ್ತು. ವೈದ್ಯಕೀಯ ಪುಸ್ತಕಗಳಲ್ಲಿ ಇವಕ್ಕೆ ‘ಸೌಮ್ಯ’ ಎಂಬ ಪಟ್ಟಿ ಹಚ್ಚಿದ್ದರು. ಆ ಪಟ್ಟಿ ಎಲ್ಲಿಂದ ಬಂತು, ಅದನ್ನು ನಂಬಿದ್ದರಿಂದ ಏನಾಯಿತು ಎನ್ನುವುದೇ ಈ ಬರಹ.

ಮಾತ್ರೆಗಿಂತ ಮೊದಲು

1845ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಾನ್ ಹ್ಯೂಸ್ ಬೆನೆಟ್, ಜರ್ಮನಿಯ ಬರ್ಲಿನ್ನಿನಲ್ಲಿ ರುಡಾಲ್ಫ್ ವಿರ್ಕೊ ಎಂಬ ವೈದ್ಯರು ಈ ಬಗೆಯ ರೋಗಿಗಳ ಬಗ್ಗೆ ಬರೆದರು. ರೋಗಿಯ ಎಡಪಕ್ಕೆಯ ಕೆಳಗಿನ ಗುಲ್ಮ ವಿಪರೀತ ಊದಿತ್ತು. ರಕ್ತದಲ್ಲಿ ಬಿಳಿಕಣಗಳು ಮಿತಿ ಮೀರಿದ್ದವು. ವಿರ್ಕೊ ಇಟ್ಟ ಲ್ಯುಕೀಮಿಯಾ ಎಂಬ ಹೆಸರಿನ ಅರ್ಥವೇ ‘ಬಿಳಿ ರಕ್ತ’.

ಮೊದಲು ಸಿಕ್ಕ ಮದ್ದು ವಿಷ. 1865ರಲ್ಲಿ ಜರ್ಮನಿಯ ಲಿಸಾವರ್ ಎಂಬ ವೈದ್ಯರು ಪಾಷಾಣದ ದ್ರಾವಣ, ಅಂದರೆ ಆರ್ಸೆನಿಕ್, ಕೊಟ್ಟು ರೋಗಿಯೊಬ್ಬರಲ್ಲಿ ಸುಧಾರಣೆ ಕಂಡರು. ಬಿಳಿಕಣ ಇಳಿಯುತ್ತಿತ್ತು, ಗುಲ್ಮ ಕುಗ್ಗುತ್ತಿತ್ತು. ಹೆಚ್ಚು ಕಾಲ ಕುಡಿದವರ ಚರ್ಮ ಕಪ್ಪಾಗುತ್ತಿತ್ತು, ಅಂಗೈ ಅಂಗಾಲು ದಪ್ಪಗಟ್ಟುತ್ತಿದ್ದವು. ಕಾಯಿಲೆ ಮಾತ್ರ ಮತ್ತೆ ತಲೆ ಎತ್ತುತ್ತಿತ್ತು.

1953ರಲ್ಲಿ ಲಂಡನ್ನಿನ ಡೇವಿಡ್ ಗಾಲ್ಟನ್ ಬುಸಲ್ಫಾನ್ ಎಂಬ ಗುಳಿಗೆಯ ಫಲಿತಾಂಶ ಪ್ರಕಟಿಸಿದರು. ಇದರಲ್ಲೂ ಚರ್ಮ ಕಪ್ಪಾಗುತ್ತಿತ್ತು, ಕೆಲವರ ಶ್ವಾಸಕೋಶ ಗಟ್ಟಿಯಾಗುತ್ತಿತ್ತು. 1980ರ ದಶಕದಲ್ಲಿ ಇಂಟರ್‌ಫೆರಾನ್ ಚುಚ್ಚುಮದ್ದು ಬಂತು. ಕೆಲವರಿಗೆ ನಿಜಕ್ಕೂ ಆಯುಷ್ಯ ಕೊಟ್ಟಿತು. ಆದರೆ ಅದನ್ನು ತೆಗೆದುಕೊಳ್ಳುವವರಿಗೆ ಫ್ಲೂ ಜ್ವರ ಬಂದಂತೆ ಚಳಿ, ಮೈಕೈ ನೋವು, ಸುಸ್ತು. ಕೆಲವರು ಮನಸ್ಸಿನ ಕುಗ್ಗುವಿಕೆಗೂ ಬೀಳುತ್ತಿದ್ದರು. ಅಸ್ಥಿಮಜ್ಜೆ ಕಸಿ ಗುಣ ಮಾಡಬಲ್ಲದಾಗಿತ್ತು, ಆದರೆ ಕಸಿಯಿಂದಲೇ ಸಾಯುವವರೂ ಇದ್ದರು.

ಮುಂದೆ ಬಂದ ಮಾತ್ರೆಯನ್ನು ಇವುಗಳ ಪಕ್ಕದಲ್ಲೇ ಇಟ್ಟು ತೂಗಿದರು ಎನ್ನುವುದು ನೆನಪಿರಲಿ.

ಆಫ್ ಆಗದ ಸ್ಟಾರ್ಟರ್

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ರಕ್ತಕಣದಲ್ಲಿ ಒಂದು ಮೋಟು ವರ್ಣತಂತು ಕಂಡರು. 1973ರಲ್ಲಿ ಶಿಕಾಗೊದ ಜಾನೆಟ್ ರೌಲಿ, ವರ್ಣತಂತುಗಳ ಫೋಟೊ ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಾ ಕಾರಣ ಹಿಡಿದರು. 9ನೇ ಮತ್ತು 22ನೇ ವರ್ಣತಂತುಗಳು ತುಂಡಾಗಿ ತುದಿಗಳನ್ನು ಅದಲುಬದಲು ಮಾಡಿಕೊಂಡಿದ್ದವು.

ಹಾಗೆ ಬೆಸೆದುಕೊಂಡ ಜಾಗದಲ್ಲಿ ಬಿಸಿಆರ್-ಎಬಿಎಲ್ ಎಂಬ ಹೊಸ ಪ್ರೋಟೀನು ಹುಟ್ಟುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಅಂಟಿಕೊಂಡು ಆಫ್ ಆಗದಿದ್ದರೆ ಗದ್ದೆಗೆಲ್ಲ ನೀರು ನುಗ್ಗುವುದಿಲ್ಲವೇ, ಹಾಗೆ ಈ ಪ್ರೋಟೀನು ಬಿಳಿಕಣ ಹುಟ್ಟಿಸುವುದನ್ನು ನಿಲ್ಲಿಸುವುದೇ ಇಲ್ಲ.

ಆ ಸ್ಟಾರ್ಟರನ್ನು ಮಾತ್ರ ಹಿಡಿದು ನಿಲ್ಲಿಸುವ ಔಷಧವನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಸೀಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲಿಡನ್, ಅಲೆಕ್ಸ್ ಮ್ಯಾಟರ್, ಯೂರ್ಗ್ ಝಿಮ್ಮರ್‌ಮನ್ ರೂಪಿಸಿದರು. 1996ರಲ್ಲಿ ಆ ಕಂಪನಿ ಸ್ಯಾಂಡೋಜ್ ಜೊತೆ ಸೇರಿ ನೊವಾರ್ಟಿಸ್ ಆಯಿತು. ಈ ಕಾಯಿಲೆಯ ರೋಗಿಗಳು ಕಡಿಮೆ, ವ್ಯಾಪಾರ ಗಿಟ್ಟುವುದಿಲ್ಲ ಎಂಬ ಅನುಮಾನ ಕಂಪನಿಯೊಳಗಿತ್ತು. ಅಮೆರಿಕದ ಪೋರ್ಟ್‌ಲ್ಯಾಂಡಿನ ವೈದ್ಯ ಬ್ರಯನ್ ಡ್ರೂಕರ್ ಬೆನ್ನು ಬಿಡಲಿಲ್ಲ. 1998ರ ಜೂನ್‌ನಲ್ಲಿ ಮೊದಲ ರೋಗಿ ಮಾತ್ರೆ ನುಂಗಿದರು.

ಇಂಟರ್‌ಫೆರಾನ್ ಕೈಕೊಟ್ಟವರಿಗೇ ಅದನ್ನು ಕೊಟ್ಟಿದ್ದು. 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತಕಣದ ಲೆಕ್ಕ ಸರಿಹೋಯಿತು. 2001ರ ಮೇ 10ರಂದು ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದೇ ತಿಂಗಳು ಟೈಮ್ ಪತ್ರಿಕೆಯ ಮುಖಪುಟದಲ್ಲಿ ಈ ಮಾತ್ರೆಗಳನ್ನು ಕ್ಯಾನ್ಸರ್ ವಿರುದ್ಧದ ಗುಂಡುಗಳೆಂದು ತೋರಿಸಲಾಯಿತು.

ಗುರಿ ಒಂದೇ ಆಗಿರಲಿಲ್ಲ

ಗುರಿ ಇಟ್ಟು ಹೊಡೆಯುವ ಔಷಧ ಅಂದರೆ ಬೇರೆ ಎಲ್ಲೂ ತಾಗುವುದಿಲ್ಲ ಎಂದು ಅನ್ನಿಸುತ್ತದೆ. ಆದರೆ ಒಂದೇ ಕೀಲಿ ಎರಡು ಮೂರು ಬೀಗಕ್ಕೆ ಹೊಂದುವುದೂ ಉಂಟು. ಇಮ್ಯಾಟಿನಿಬ್ ‘ಕಿಟ್’ ಎಂಬ ಇನ್ನೊಂದು ಪ್ರೋಟೀನನ್ನೂ ತಡೆಯುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳಿಗೆ ಅದೇ ಪ್ರೋಟೀನು ಬೇಕು.

ಆರ್ಸೆನಿಕ್ ಮತ್ತು ಬುಸಲ್ಫಾನ್ ಚರ್ಮ ಕಪ್ಪು ಮಾಡುತ್ತಿದ್ದರೆ ಈ ಮಾತ್ರೆ ಬೆಳ್ಳಗೆ ಮಾಡಿತು. ಬಿಳಿಯರ ದೇಶಗಳಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳಲಿಲ್ಲ. ನಮ್ಮಂಥ ಕಪ್ಪು, ಕಂದು ಮೈಬಣ್ಣದವರಲ್ಲಿ ಎದ್ದು ಕಂಡಿತು. ಮುಖ, ಕೈ ತಿಳಿಯಾಗುವುದನ್ನು ಕೆಲವರು ಮೆಚ್ಚಬಹುದು. ಮಚ್ಚೆ ಮಚ್ಚೆಯಾಗಿ ತಿಳಿಯಾದರೆ ತೊನ್ನು ಎಂದು ಆಡಿಕೊಳ್ಳುವ ಊರಿನಲ್ಲಿ, ಮದುವೆಯಾಗಬೇಕಾದ ಹುಡುಗಿಗೆ ಇದು ಸಣ್ಣ ಮಾತಲ್ಲ. ಔಷಧದ ಪ್ರಮಾಣ ಬದಲಿಸಿದಾಗ ಹಲವರಿಗೆ ಬಣ್ಣ ಮರಳುತ್ತದೆ. ಬಿಸಿಲಿನಲ್ಲಿ ದುಡಿಯುವವರು ತಲೆ, ತೋಳು ಮುಚ್ಚಿಕೊಂಡು ದುಡಿಯುವುದು ಒಳ್ಳೆಯದು.

ಮೊದಲ ಪರೀಕ್ಷೆಯಲ್ಲೇ ನೂರಕ್ಕೆ 43 ಮಂದಿಗೆ ವಾಕರಿಕೆ, 41 ಮಂದಿಗೆ ಸ್ನಾಯು ನೋವು, 39 ಮಂದಿಗೆ ಊತ, 25 ಮಂದಿಗೆ ಭೇದಿ ಎಂದು ದಾಖಲಾಗಿತ್ತು. ಯಾರೂ ಮುಚ್ಚಿಡಲಿಲ್ಲ. ಬಹುಪಾಲು ‘ಸೌಮ್ಯ’ ಅಥವಾ ‘ಮಧ್ಯಮ’ ಎಂದು ಬರೆದರು, ಅಷ್ಟೆ.

ಇದಕ್ಕೆ ಎರಡು ಕಾರಣ ಕಾಣುತ್ತದೆ. ಒಂದು, ಅಳೆಯುವ ಕೋಲು. ಅಡ್ಡ ಪರಿಣಾಮಗಳಿಗೆ ದರ್ಜೆ ಕೊಡುವ ಪಟ್ಟಿಯನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1983ರಲ್ಲಿ ಮಾಡಿತ್ತು. ಆಗಿನ ಕೀಮೊ ಕೆಲವು ತಿಂಗಳಲ್ಲಿ ಮುಗಿಯುವಂಥದ್ದು. ಆ ಕೋಲಿನಲ್ಲಿ ಜೀವಕ್ಕೆ ಅಪಾಯ ತರುವುದು ದೊಡ್ಡದು, ಕೆಲಸ ಮಾಡಿಕೊಂಡು ತಡೆದುಕೊಳ್ಳಬಹುದಾದ್ದು ಸಣ್ಣದು. ಎಷ್ಟು ವರ್ಷ ತಡೆದುಕೊಳ್ಳಬೇಕು ಎಂದು ಆ ಕೋಲು ಕೇಳುತ್ತಿರಲಿಲ್ಲ.

ಎರಡು, ಹೋಲಿಕೆ. 2000ದಲ್ಲಿ 1,106 ರೋಗಿಗಳ ಮೇಲೆ ಶುರುವಾದ ದೊಡ್ಡ ಅಧ್ಯಯನದಲ್ಲಿ ಇಂಟರ್‌ಫೆರಾನ್ ಆಧಾರಿತ ಚಿಕಿತ್ಸೆಯನ್ನೂ ಇಮ್ಯಾಟಿನಿಬ್ಬನ್ನೂ ಎದುರುಬದುರು ಇಟ್ಟರು. ಇಂಟರ್‌ಫೆರಾನ್ ಗುಂಪಿನ ಬಹಳಷ್ಟು ಮಂದಿ ಮಾತ್ರೆಯ ಕಡೆಗೇ ಬಂದುಬಿಟ್ಟರು. ಅದರ ಪಕ್ಕದಲ್ಲಿ ಮೀನಖಂಡದ ಸೆಳೆತ ಯಾವ ಲೆಕ್ಕ? ಬೆಂಕಿಯಿಂದ ಬಾಣಲೆಗೆ ಬಂದವನಿಗೆ ಬಾಣಲೆ ತಂಪೇ. ಆದರೆ ಬಾಣಲೆಯಲ್ಲಿ ಇಪ್ಪತ್ತು ವರ್ಷ ಕೂರಬೇಕಾದರೆ?

ನಮ್ಮ ದೇಶದಲ್ಲಿ

ಭಾರತದಲ್ಲಿ ಮೊದಲ ಜಗಳ ಬೆಲೆಯದ್ದು. ನೊವಾರ್ಟಿಸ್‌ನ ಗ್ಲಿವೆಕ್ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ಅದೇ ಔಷಧವನ್ನು ಭಾರತದ ಕಂಪನಿಗಳು ಸುಮಾರು 8 ಸಾವಿರಕ್ಕೆ ಮಾಡಿಕೊಡುತ್ತಿದ್ದವು. ಕಂಪನಿ 1998ರಲ್ಲೇ ಚೆನ್ನೈನಲ್ಲಿ ಪೇಟೆಂಟ್ ಅರ್ಜಿ ಹಾಕಿತ್ತು. ಕ್ಯಾನ್ಸರ್ ರೋಗಿಗಳ ನೆರವಿನ ಮುಂಬೈನ ಸಂಘ, ನ್ಯಾಟ್ಕೊ, ಸಿಪ್ಲಾ ಮೊದಲಾದವು ವಿರೋಧಿಸಿದವು. 2006ರಲ್ಲಿ ಅರ್ಜಿ ತಿರಸ್ಕಾರವಾಯಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲೂ ಕಂಪನಿ ಸೋತಿತು. ಕಂಪನಿಯೂ ಸಾವಿರಾರು ಭಾರತೀಯ ರೋಗಿಗಳಿಗೆ ಉಚಿತವಾಗಿ ಮಾತ್ರೆ ಕೊಡುತ್ತಿತ್ತು ಎನ್ನುವುದನ್ನೂ ಹೇಳಬೇಕು.

ಬೆಲೆಯ ಜಗಳ ಪತ್ರಿಕೆಗಳಲ್ಲಿ ಬಂತು. ಮಾತ್ರೆ ಕೈಗೆ ಸಿಕ್ಕ ಮೇಲಿನ ಬದುಕು ಸುದ್ದಿಯಾಗಲಿಲ್ಲ. ಪಶ್ಚಿಮದ ದೇಶಗಳಲ್ಲಿ ಈ ಕಾಯಿಲೆ ಹೆಚ್ಚಾಗಿ ಅರವತ್ತರ ಆಸುಪಾಸಿನವರಿಗೆ. ನಮ್ಮಲ್ಲಿ ಮೂವತ್ತು, ನಲವತ್ತರವರೇ ಹೆಚ್ಚು. ಕೂಲಿಗೆ ಹೋಗುವ, ನಾಟಿ ಮಾಡುವ, ಮಗು ಬಯಸುವ ವಯಸ್ಸು. ಬೀದರ್, ರಾಯಚೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಬಂದವರಿಗೆ ವೈದ್ಯರ ಮುಂದೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ‘ಹೆಂಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೀನಿ ಸಾರ್’ ಎಂದುಬಿಡುತ್ತೇವೆ.

ಮುಚ್ಚಳದೊಳಗಿನ ಲೆಕ್ಕ

ಹೇಳದೆ ಉಳಿದ ತೊಂದರೆ ಎಲ್ಲಿಗೆ ಹೋಗುತ್ತದೆ? ಉತ್ತರ 2010ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಿಂದ ಬಂತು. ಅಲ್ಲಿ 87 ರೋಗಿಗಳ ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ, ಯಾವಾಗ ತೆರೆದರು ಎಂದು ಬರೆದಿಡುವ ಸಣ್ಣ ಯಂತ್ರ ಇಟ್ಟು ಮೂರು ತಿಂಗಳು ಲೆಕ್ಕ ಹಾಕಿದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಾತ್ರೆ ನುಂಗಿದವರಲ್ಲಿ ಕಾಯಿಲೆ ಚೆನ್ನಾಗಿ ಹತೋಟಿಗೆ ಬರುವ ಸಾಧ್ಯತೆ ಆರು ವರ್ಷದಲ್ಲಿ ನೂರಕ್ಕೆ 94.5. ತೊಂಬತ್ತು ಅಥವಾ ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಕೇವಲ 28.4.

ನೂರಕ್ಕೆ ಹತ್ತು ಬಿಡುವುದು ಅಂದರೆ ತಿಂಗಳಿಗೆ ಮೂರು ಮಾತ್ರೆ. ಹೀಗೆ ಬಿಟ್ಟವರಲ್ಲಿ ಅಡ್ಡ ಪರಿಣಾಮ ಅನುಭವಿಸುತ್ತಿದ್ದವರು ಹೆಚ್ಚು. ಮದುವೆ ಮನೆಗೆ ಹೋಗಬೇಕು, ಭೇದಿ ಆದೀತು ಎಂದು ಒಂದು ದಿನ ಬಿಡುವುದು, ಕಟಾವಿನ ದಿನ ಸುಸ್ತು ಬೇಡ ಎಂದು ಇನ್ನೊಂದು ದಿನ ಬಿಡುವುದು. ‘ಸೌಮ್ಯ’ ಎಂದು ಬರೆದಿಟ್ಟ ತೊಂದರೆ ಈ ದಾರಿಯಲ್ಲಿ ಬಂದು ಜೀವಕ್ಕೇ ಕೈ ಹಾಕುತ್ತಿತ್ತು.

2011ರಲ್ಲಿ ಇಟಲಿಯ ಸಂಶೋಧಕರು ವರ್ಷಗಟ್ಟಲೆ ಮಾತ್ರೆ ನುಂಗುತ್ತಿದ್ದ 448 ರೋಗಿಗಳನ್ನೇ ಕೇಳಿದರು. ಎಲ್ಲಕ್ಕಿಂತ ಹೆಚ್ಚು ಮಂದಿ ಹೇಳಿದ್ದು ಸುಸ್ತು. ಅರವತ್ತು ದಾಟಿದವರು ತಮ್ಮ ವಯಸ್ಸಿನ ಇತರರಂತೆಯೇ ಇದ್ದರು. ಬದುಕು ಕುಗ್ಗಿದ್ದು ಕಿರಿಯರದ್ದು. ಮುಂದಿನ ಅಧ್ಯಯನದಲ್ಲಿ, ರೋಗಿ ಪಡುವ ಕಷ್ಟವನ್ನು ವೈದ್ಯರು ಅನೇಕ ಸಲ ಕಡಿಮೆ ಅಂದಾಜಿಸುತ್ತಾರೆ ಎನ್ನುವುದೂ ಕಂಡಿತು. ಮಾತ್ರೆ ಮಾರುಕಟ್ಟೆಗೆ ಬಂದು ಹತ್ತು ವರ್ಷವಾಗಿತ್ತು.

ಅಷ್ಟರಲ್ಲಿ ಬೇರೆ ಮಾತ್ರೆಗಳೂ ಬಂದಿದ್ದವು. 2006ರಲ್ಲಿ ಡಸಾಟಿನಿಬ್, 2007ರಲ್ಲಿ ನಿಲೋಟಿನಿಬ್. ಮೊದಲನೆಯದು ಕೆಲವರ ಶ್ವಾಸಕೋಶದ ಸುತ್ತ ನೀರು ತುಂಬಿಸುತ್ತದೆ, ಎರಡನೆಯದು ಸಕ್ಕರೆ ಮತ್ತು ರಕ್ತನಾಳದ ತೊಂದರೆ ತರಬಹುದು. ತೊಂದರೆ ಇಲ್ಲದ ಮಾತ್ರೆ ಬರಲಿಲ್ಲ. ಒಂದು ಹೊಂದದವರಿಗೆ ಇನ್ನೊಂದಕ್ಕೆ ಬದಲಿಸುವ ದಾರಿ ಮಾತ್ರ ತೆರೆಯಿತು. ಆ ದಾರಿ ಸಿಗಬೇಕಾದರೆ ತೊಂದರೆ ಹೇಳಿಕೊಳ್ಳಲೇಬೇಕು.

ನಿಲ್ಲಿಸಬಹುದೇ?

ಈ ಪ್ರಶ್ನೆಗೆ ಫ್ರಾನ್ಸಿನ ವೈದ್ಯರು 2010ರಲ್ಲಿ ಉತ್ತರ ಕೊಟ್ಟರು. ಅತಿ ಸೂಕ್ಷ್ಮ ಪರೀಕ್ಷೆಯಲ್ಲೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಿಲೆ ಕಾಣದಿದ್ದವರ ಮಾತ್ರೆ ನಿಲ್ಲಿಸಿ ನೋಡಿದರು. ಒಂದು ವರ್ಷದ ಹೊತ್ತಿಗೆ ನೂರಕ್ಕೆ 41ರಷ್ಟು ಮಂದಿ ಮಾತ್ರೆ ಇಲ್ಲದೆಯೇ ಚೆನ್ನಾಗಿದ್ದರು. ಉಳಿದವರಲ್ಲಿ ಕಾಯಿಲೆ ಮರಳಿತು. ಮಾತ್ರೆ ಮತ್ತೆ ಶುರು ಮಾಡಿದಾಗ ಹತೋಟಿಗೆ ಬಂತು. ಪದೇಪದೇ ಸೂಕ್ಷ್ಮ ಪರೀಕ್ಷೆ ಮಾಡುತ್ತಿದ್ದುದರಿಂದ ಇದು ಸಾಧ್ಯವಾಯಿತು. ಹೇಳದೆ ಕೇಳದೆ ಮನೆಯಲ್ಲಿ ತಾವೇ ನಿಲ್ಲಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. 2014ರಲ್ಲಿ ಸ್ವೀಡನ್ನಿನಿಂದ ಇನ್ನೊಂದು ಸುದ್ದಿ ಬಂತು: ಮಾತ್ರೆ ನಿಲ್ಲಿಸಿದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಕೆಲಕಾಲ ಮೈಕೈ, ಕೀಲು ನೋವು ಕಾಣಿಸಿಕೊಂಡಿತ್ತು.

ಮನೆಯಲ್ಲಿ ಈ ಮಾತ್ರೆ ಇದ್ದರೆ

ಈ ಚರಿತ್ರೆಯಿಂದ ಮನೆಗೆ ಒಯ್ಯಬಹುದಾದ ಮಾತುಗಳಿವೆ. ಇಮ್ಯಾಟಿನಿಬ್ಬನ್ನು ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ತೆಗೆದುಕೊಂಡರೆ ವಾಕರಿಕೆ ಕಡಿಮೆ. ನಿಲೋಟಿನಿಬ್ ಹಾಗಲ್ಲ, ಅದಕ್ಕೆ ಖಾಲಿ ಹೊಟ್ಟೆ ಬೇಕು. ದ್ರಾಕ್ಷಿಹಣ್ಣು (ಗ್ರೇಪ್‌ಫ್ರೂಟ್ ಅಲ್ಲ, ನಮ್ಮ ಮಾಮೂಲಿ ದ್ರಾಕ್ಷಿ) ತಿನ್ನಬಹುದು. ಗ್ರೇಪ್‌ಫ್ರೂಟ್ ಎಂಬ ದೊಡ್ಡ ಹುಳಿಹಣ್ಣು ರಕ್ತದಲ್ಲಿ ಔಷಧದ ಪ್ರಮಾಣ ಏರಿಸುವುದರಿಂದ ಅದು ಬೇಡ. ನಮ್ಮ ದೇವನಹಳ್ಳಿ ಚಕ್ಕೋತವೂ ಅದಕ್ಕೆ ಹತ್ತಿರದ ನಂಟು, ಹಾಗಾಗಿ ತಿನ್ನುವ ಮೊದಲು ವೈದ್ಯರನ್ನು ಕೇಳಿ. ನಾಟಿ ಔಷಧಿ, ಬೇರೆ ಗುಳಿಗೆ ಏನಿದ್ದರೂ ತಿಳಿಸಿ. ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಿ, ಏಕೆಂದರೆ ಹೊಟ್ಟೆಯ ಕೂಸಿಗೆ ಈ ಮಾತ್ರೆ ಅಪಾಯ.

ತೂಕ ದಿಢೀರ್ ಏರಿದರೆ, ಉಸಿರಾಟ ಕಷ್ಟವಾದರೆ, ಜ್ವರ ಬಂದರೆ, ರಕ್ತ ಒಸರಿದರೆ, ಮಲ ಕಪ್ಪಾದರೆ, ಕಣ್ಣು ಹಳದಿಯಾದರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ.

ಉಳಿದ ‘ಸಣ್ಣ’ ತೊಂದರೆಗಳಿಗೆ ಹಾಲಿನ ಲೆಕ್ಕ ಬರೆಯುವಂಥ ಒಂದು ಪುಸ್ತಕ ಸಾಕು. ಯಾವ ದಿನ ಸೆಳೆತ, ಯಾವ ದಿನ ಭೇದಿ, ಯಾವ ದಿನ ಮಾತ್ರೆ ತಪ್ಪಿತು ಎಂದು ಬರೆದು ವೈದ್ಯರ ಮೇಜಿನ ಮೇಲಿಡಿ. ತಪ್ಪಿದ ದಿನ ಮುಚ್ಚಿಡಬೇಡಿ. ಪ್ರಮಾಣ ಬದಲಿಸುವುದೋ, ಮಾತ್ರೆಯನ್ನೇ ಬದಲಿಸುವುದೋ, ಸೆಳೆತಕ್ಕೆ ಕ್ಯಾಲ್ಸಿಯಂ ನೋಡುವುದೋ, ಅವರು ತೀರ್ಮಾನಿಸುವುದು ಆ ಬರಹ ನೋಡಿಯೇ.

ಆ ದೊಡ್ಡ ಅಧ್ಯಯನದಲ್ಲಿ ಇಮ್ಯಾಟಿನಿಬ್‌ನಿಂದ ಶುರು ಮಾಡಿದವರಲ್ಲಿ ಹತ್ತು ವರ್ಷದ ನಂತರವೂ ನೂರಕ್ಕೆ 83 ಮಂದಿ ಬದುಕಿದ್ದರು. ಬುಸಲ್ಫಾನ್ ಕಾಲದಲ್ಲಿ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. ಇಷ್ಟು ದೊಡ್ಡ ಗಳಿಕೆ ತಿಂಗಳಿಗೆ ಮೂರು ಮಾತ್ರೆಯಲ್ಲಿ ಸೋರಿ ಹೋಗಬಾರದು. ಮುಂದಿನ ಸಲ ವೈದ್ಯರು ‘ಹೆಂಗಿದ್ದೀರಿ?’ ಎಂದಾಗ ಮೀನಖಂಡದ ಮಾತಿನಿಂದಲೇ ಶುರು ಮಾಡಿ.